ಮೀಟರ್ ನಿಂತರೆ ಲೆಕ್ಕವೂ ನಿಂತಂತೆ

ಅಟ್ಟದಲ್ಲಿ ಎಷ್ಟು ಸಾವಿರ ಕಾಯಿ ಇದೆ, ತಿಪಟೂರು ಎಪಿಎಂಸಿಯಲ್ಲಿ ಈ ವಾರ ಕೊಬ್ಬರಿ ಕ್ವಿಂಟಲ್ ಎಷ್ಟಕ್ಕೆ ಹೋಯಿತು ಎಂದು ಕೇಳಿ, ನಮ್ಮ ಕಡೆಯ ಬೆಳೆಗಾರರು ಥಟ್ಟನೆ ಹೇಳುತ್ತಾರೆ. ತೋಟಕ್ಕೂ ಮಂಡಿಗೂ ಓಡಾಡುವ ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆ ಎಂದರೆ ಮಾತ್ರ ‘ಮೀಟರ್ ನಿಂತು ವರ್ಷವಾಯ್ತು’ ಎಂಬ ಉತ್ತರ. ಕೆಎ-44 ನಂಬರಿನ ಹಳೇ ಗಾಡಿಗಳಲ್ಲಿ ಇದು ಮಾಮೂಲು.

ನಷ್ಟ ಸಣ್ಣದಲ್ಲ. ತಿಂಗಳಿಗೆ 600 ಕಿ.ಮೀ. ಓಡುವ ಗಾಡಿಯ ಮೈಲೇಜ್ 60ರಿಂದ 50ಕ್ಕೆ ಇಳಿದರೆ 2 ಲೀಟರ್ ಪೆಟ್ರೋಲ್ ಹೆಚ್ಚಿಗೆ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೂ ವರ್ಷಕ್ಕೆ 2,400 ರೂಪಾಯಿ. ಮೀಟರ್ ಓಡದಿದ್ದರೆ ಈ ಸೋರಿಕೆ ತಿಳಿಯುವುದೇ ಇಲ್ಲ. ಎಂಜಿನ್ ಆಯಿಲ್ ಬದಲಿಸುವುದೂ ಅಂದಾಜಿನ ಮೇಲೆ. 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಒಯ್ಯುವಾಗಲೂ ನಿಂತ ಮೀಟರ್ ತಲೆನೋವೇ.

ಮೀಟರ್ ನಿಲ್ಲುವುದು ಹೆಚ್ಚಾಗಿ ಅದನ್ನು ಚಕ್ರಕ್ಕೆ ಜೋಡಿಸುವ ಕೇಬಲ್ ತುಂಡಾಗಿ. ಅದು ಹೇಳದೆ ಕೇಳದೆ ತುಂಡಾಗುವುದು ಕಡಿಮೆ. ನನ್ನ ಹಳೇ ಬೈಕಿನಲ್ಲಿ ಮೊದಲು ಮುಳ್ಳು ನಡುಗತೊಡಗಿತು, ಆಮೇಲೆ ಮುಂದಿನ ಚಕ್ರದ ಕಡೆಯಿಂದ ಕಿರ್ರೆನ್ನುವ ಸದ್ದು. ಮೆಕ್ಯಾನಿಕ್ ಒಳಗಿನ ತಂತಿ ಎಳೆದು ತೋರಿಸಿದರು: ಗ್ರೀಸ್ ಒಣಗಿ ಕೆಮ್ಮಣ್ಣಿನ ಧೂಳು ಮೆತ್ತಿತ್ತು, ಬಾಗುವ ಜಾಗದಲ್ಲಿ ಎರಡು ಎಳೆ ಬಿಟ್ಟಿದ್ದವು. ಹೊರಗವಚ ಸೀಳಿದ್ದಲ್ಲಿಂದ ನೀರು, ಮಣ್ಣು ಒಳಸೇರಿತ್ತು.

ಇದನ್ನು ತಡೆಯಲು ದೊಡ್ಡ ಖರ್ಚಿಲ್ಲ. ಪಂಕ್ಚರ್‌ಗೋ ಬ್ರೇಕ್ ಶೂಗೋ ಮುಂದಿನ ಚಕ್ರ ಬಿಚ್ಚಿದಾಗಲೇ ಕೇಬಲ್ಲನ್ನೂ ನೋಡಿಸಿ. ಒಳತಂತಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತೆಳುವಾಗಿ ಗ್ರೀಸ್ ಸವರಬೇಕು. ಮೀಟರಿನ ಕಡೆಯ ತುದಿಗೆ ಬೇಡ, ಗ್ರೀಸ್ ಮೇಲೇರಿದರೆ ಮೀಟರೇ ಕೆಡುತ್ತದೆ. ಚಕ್ರ ಕೂರಿಸುವಾಗ ಮೀಟರ್ ಗೇರಿನ ಹಲ್ಲು ಅದರ ಕಚ್ಚಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಕೇಬಲ್ ಬಿಗಿಯಬಾರದು, ಮಡಚಲೂಬಾರದು. ಟಿವಿಎಸ್ ಎಕ್ಸೆಲ್ ಮೊಪೆಡ್ಡಿನ ಮುಂದೆ ಕಾಯಿ ಚೀಲ ಇಡುವವರು ಅದು ಕೇಬಲ್ಲನ್ನು ಒತ್ತದಂತೆ ಕಟ್ಟಬೇಕು.

ಹೊಸ ಕೇಬಲ್ಲೂ ಬೇಗ ತುಂಡಾದರೆ ಮತ್ತೊಂದು ಕೊಳ್ಳಬೇಡಿ. ಮೀಟರ್ ಅಥವಾ ಗೇರ್ ಬಿಗಿದುಕೊಂಡಿರಬಹುದು, ಅದನ್ನು ಮೊದಲು ಸರಿಮಾಡಿಸಿ. ಕೇಬಲ್ಲಿಗಿಂತ ಮೀಟರಿನ ಬೆಲೆ ಹಲವು ಪಟ್ಟು.

ಮೀಟರ್ ಓಡತೊಡಗಿದ ಮೇಲೆ ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಕಿ.ಮೀ., ಲೀಟರ್ ಎರಡನ್ನೂ ಬರೆದಿಡಿ. ಕೊಬ್ಬರಿ ರೇಟು ನಮ್ಮ ಕೈಯಲ್ಲಿಲ್ಲ, ಗಾಡಿಯ ಖರ್ಚು ಖಂಡಿತ ಇದೆ.