ಬಾದಾಮಿಯಿಂದ ಇಳಕಲ್ಲಿಗೆ: ಬೈಕ್-ಕಾಳಗದ ವಿಡಿಯೋ ಗೇಮ್ ರಚಿಸುವ ಕ್ರಮ

1997ರಲ್ಲಿ ನಿಂಟೆಂಡೊ 64 ಯಂತ್ರಕ್ಕೆಂದು ಹೊರಬಂದ ‘ಎಕ್ಸ್‌ಟ್ರೀಮ್-ಜಿ’ ಎಂಬ ಆಟದಲ್ಲಿ ಭವಿಷ್ಯತ್ಕಾಲದ ಬೈಕುಗಳು ಪ್ರಚಂಡ ವೇಗದಿಂದ ಧಾವಿಸುತ್ತ, ಕ್ಷಿಪಣಿಗಳಿಂದ ಪರಸ್ಪರ ಕಾದಾಡುತ್ತಿದ್ದುವು. ಅಂಥದೊಂದು ಆಟವನ್ನು ಬಾಗಲಕೋಟೆ ಜಿಲ್ಲೆಯ ನೆಲದ ಮೇಲೆಯೇ ಕಲ್ಪಿಸಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಗೆ ಬೇಕಾದದ್ದು ಒಂದು ಸಾಧಾರಣ ಕಂಪ್ಯೂಟರು, ಉಚಿತವಾಗಿ ದೊರೆಯುವ ‘ಗೊಡಾಟ್’ ತಂತ್ರಾಂಶ, ಮತ್ತು ಇವೆರಡಕ್ಕೂ ಮಿಗಿಲಾಗಿ, ವೇಗದ ರೋಮಾಂಚವನ್ನು ದಾರಿಯ ರಚನೆಯೇ ಕೊಡತಕ್ಕದ್ದೆಂಬ ಅರಿವು.

1. ಕಾಗದದ ಮೇಲೆ ಲೆಕ್ಕ: ಬೈಕಿನ ಪರಮಾವಧಿ ವೇಗವನ್ನು ಗಂಟೆಗೆ 720 ಕಿಲೋಮೀಟರೆಂದು ಇಟ್ಟುಕೊಂಡರೆ, ಅದು ಸೆಕೆಂಡಿಗೆ 200 ಮೀಟರು, ನಿಮಿಷಕ್ಕೆ 12 ಕಿಲೋಮೀಟರು ಕ್ರಮಿಸುವುದು. ಸವಾರನಿಗೆ ತಿರುವಿನ ಸುಳಿವು 3 ಸೆಕೆಂಡು ಮುಂಚಿತವಾಗಿ ಸಿಕ್ಕಬೇಕಾದರೆ, ಸೂಚನಾಫಲಕವು 600 ಮೀಟರು ಹಿಂದೆಯೇ ನಿಂತಿರಬೇಕು.

2. ದಾರಿಯ ವಿನ್ಯಾಸ: ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ದಂಡೆಯಿಂದ ಹೊರಟು, ಉತ್ತರದ ಬೆಟ್ಟದ ಮೇಲಣ ಶಿವಾಲಯಕ್ಕೆ ಹತ್ತುವಾಗ ಎದುರಾಗುವ, ಎರಡು ಮಗ್ಗುಲಲ್ಲೂ ಕೆಂಪು ಮರಳುಶಿಲೆ ಕಡಿದಾಗಿ ನಿಂತ ಇಕ್ಕಟ್ಟಾದ ಕಂದರವನ್ನು ಮಾದರಿಯಾಗಿ ತೆಗೆದುಕೊಂಡು, ಅಲ್ಲಿ ಕಾಳಗಕ್ಕೆ ಎಡೆಗೊಡದೆ ಕೈಚಳಕವನ್ನು ಮಾತ್ರ ಪರೀಕ್ಷಿಸಿರಿ. ಆಲಮಟ್ಟಿ ಜಲಾಶಯದ ಮುಳುಗಡೆಯಿಂದಾಗಿ ನಿರ್ಮಾಣವಾದ ಬಾಗಲಕೋಟೆ ನವನಗರದ ಸೆಕ್ಟರುಗಳು ಥಟ್ಟನೆ ಹೊರಳುವ ಅಡ್ಡತಿರುವುಗಳಿಗೆ ಅನುಕೂಲ. ಅಮೀನಗಡವನ್ನು ಹಾಯ್ದು ಹುನಗುಂದಕ್ಕೆ ಬಂದು, ಇಳಕಲ್ಲಿನತ್ತ ಹೆದ್ದಾರಿ ಹಿಡಿದ ಮೇಲೆ ಆಯುಧಗಳಿಗೆ ಅನುಮತಿಯಿತ್ತು, ಗ್ರಾನೈಟ್ ಕ್ವಾರಿಯ ಮೆಟ್ಟಿಲು ಮೆಟ್ಟಿಲಾದ ಹಳ್ಳದಲ್ಲಿ ಪಂದ್ಯವನ್ನು ಮುಗಿಸಬಹುದು.

3. ಬೈಕು: ಅಲಂಕಾರಕ್ಕೆ ಅವಸರಿಸದೆ, ಬಣ್ಣವಿಲ್ಲದ ಒಂದು ಡಬ್ಬಿಯಾಕಾರವನ್ನೇ ಓಡಿಸಿ, ಆಕ್ಸಿಲರೇಟರು, ಬ್ರೇಕು, ವಾಲುವಿಕೆಗಳನ್ನು ಹದಕ್ಕೆ ತಂದುಕೊಳ್ಳಿರಿ. ವೇಗವೇರಿದಂತೆ ಕ್ಯಾಮೆರಾದ ನೋಟದ ಕೋನವನ್ನು 75 ಡಿಗ್ರಿಯಿಂದ 90ಕ್ಕೆ ಹಿಗ್ಗಿಸಿ, ದಾರಿಯಂಚಿಗೆ ಕಂಬಗಳನ್ನು ಒತ್ತಾಗಿ ನೆಟ್ಟರೆ, ಅದೇ ವೇಗವು ಇಮ್ಮಡಿಯಾದಂತೆ ಭಾಸವಾಗುವುದು. ಇಳಕಲ್ ಸೀರೆಯ ಕೆಂಪು ಸೆರಗು, ಅದರ ಬಿಳಿಯ ತೆನೆಗಳು ಬೈಕಿನ ಮೈಬಣ್ಣಕ್ಕೆ ಆಮೇಲೆ ಒದಗಿಯಾವು.

4. ಆಯುಧ: ಹೊಸಬರು ಎಡವುವುದು ಇಲ್ಲಿಯೇ. ಗೊಡಾಟ್ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಚಲನೆಯನ್ನು ಲೆಕ್ಕಹಾಕುವುದರಿಂದ, ಸೆಕೆಂಡಿಗೆ 200 ಮೀಟರು ವೇಗದ ಕ್ಷಿಪಣಿಯು ಒಂದೊಂದು ಲೆಕ್ಕಕ್ಕೆ 3 ಮೀಟರಿಗೂ ಹೆಚ್ಚು ನೆಗೆದು, ಅರ್ಧ ಮೀಟರಿನ ಗೋಡೆಯನ್ನು ತಾಕದೆಯೇ ಆಚೆ ಸೇರಿಬಿಡಬಹುದು. ಆದ್ದರಿಂದ ಹಿಂದಿನ ಸ್ಥಾನದಿಂದ ಈಗಿನ ಸ್ಥಾನದವರೆಗೆ ‘ರೇಕಾಸ್ಟ್’ ಎಂಬ ಅದೃಶ್ಯ ರೇಖೆಯನ್ನೆಳೆದು, ನಡುವೆ ಏನಾದರೂ ಅಡ್ಡಬಂದಿತೇ ಎಂದು ಪ್ರತಿಸಲವೂ ವಿಚಾರಿಸತಕ್ಕದ್ದು.

5. ಪರೀಕ್ಷೆ: ದಾರಿಯನ್ನರಿಯದ ಗೆಳೆಯರಿಗೆ ಆಟವನ್ನು ಕೊಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಒಬ್ಬೊಬ್ಬರೂ ಒಂದೊಂದೆಡೆ ಬಿದ್ದರೆ ಅದು ಆಟದ ಸ್ವಾರಸ್ಯ. ಎಲ್ಲರೂ ಒಂದೇ ತಿರುವಿನಲ್ಲಿ ಬಿದ್ದರೆ ಅದು ರಚಿಸಿದವರ ದೋಷವಾದ್ದರಿಂದ, ಬೈಕಿನ ವೇಗವನ್ನು ತಗ್ಗಿಸುವ ಮೊದಲು ಆ ತಿರುವಿನ ಫಲಕವನ್ನು ಇನ್ನಷ್ಟು ಹಿಂದಕ್ಕೆ ಸರಿಸಿ ನೋಡಿರಿ.