ಮುಹೂರ್ತದ ಅಳತೆ ಮತ್ತು ಗಣಕಯಂತ್ರದ ಸ್ಟಾಪ್‌ವಾಚ್



ವಿಜಯಪುರದ ಸ್ವಾಧ್ಯಾಯಗೋಷ್ಠಿಯಲ್ಲಿ ಯುವಶ್ರಾವಕರೊಬ್ಬರು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಸಾಮಾಯಿಕಕ್ಕೂ ಉಪವಾಸದ ಪಾರಣೆಗೂ ಗಣಕಯಂತ್ರದಲ್ಲಿರುವ ಸ್ಟಾಪ್‌ವಾಚ್ ತಂತ್ರಾಂಶವನ್ನು ಬಳಸಬಹುದೇ? ಸೆಕೆಂಡಿನ ನೂರನೆಯ ಒಂದು ಪಾಲನ್ನೂ ತೋರಿಸುವ ಈ ಸಾಧನವಿದ್ದರೆ ವ್ರತಕಾಲದ ಲೋಪಗಳು ಪೂರ್ಣವಾಗಿ ನಿವಾರಣೆಯಾಗುವುವೇ? ಬಳಸಬಹುದು ಎಂದು ಆ ಕ್ಷಣದಲ್ಲಿ ಉತ್ತರಿಸಿದೆನು. ಎರಡನೆಯ ಪ್ರಶ್ನೆಗೆ ಮಾತ್ರ ಒಂದೇ ಮಾತಿನ ಉತ್ತರ ಸಾಲದು. ಅದಕ್ಕಾಗಿಯೇ ಈ ಲೇಖನ.

ಮೊದಲು ಕಾಲಮಾನವನ್ನು ನೋಡೋಣ. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದ ಸಂಜ್ಞಾಧಿಕಾರದಲ್ಲಿ ಆಗಮಸಮ್ಮತವಾದ ಕೋಷ್ಟಕವನ್ನು ಕೊಟ್ಟಿದ್ದಾರೆ. ಅಸಂಖ್ಯಾತ ಸಮಯಗಳು ಕೂಡಿ ಒಂದು ಆವಲಿ. ಸಂಖ್ಯಾತ ಆವಲಿಗಳು ಕೂಡಿ ಒಂದು ಉಚ್ಛ್ವಾಸ. 7 ಉಚ್ಛ್ವಾಸಗಳಿಗೆ ಒಂದು ಸ್ತೋಕ. 7 ಸ್ತೋಕಗಳಿಗೆ ಒಂದು ಲವ. ಮೂವತ್ತೆಂಟೂವರೆ ಲವಗಳಿಗೆ ಒಂದು ಗಳಿಗೆ. ಎರಡು ಗಳಿಗೆಗಳಿಗೆ ಒಂದು ಮುಹೂರ್ತ. 30 ಮುಹೂರ್ತಗಳಿಗೆ ಒಂದು ಅಹೋರಾತ್ರಿ. ಅಹೋರಾತ್ರಿಯಲ್ಲಿ 1440 ನಿಮಿಷಗಳಿರುವುದರಿಂದ ಮುಹೂರ್ತವೊಂದಕ್ಕೆ 48 ನಿಮಿಷ, ಗಳಿಗೆಗೆ 24 ನಿಮಿಷ ಎಂಬುದು ಸಿದ್ಧವಾಯಿತು. 7, 7 ಮತ್ತು 77ನ್ನು ಗುಣಿಸಿದರೆ ಮುಹೂರ್ತದಲ್ಲಿ 3773 ಉಚ್ಛ್ವಾಸಗಳೆಂಬ ಪ್ರಸಿದ್ಧ ಸಂಖ್ಯೆ ಬರುತ್ತದೆ. ಮುಹೂರ್ತಕ್ಕೆ ಒಂದು ಸಮಯವಾದರೂ ಕಡಿಮೆಯಿದ್ದರೆ ಅದು ಅಂತರ್ಮುಹೂರ್ತ.

ಇಲ್ಲಿ ಜಿಜ್ಞಾಸುಗಳಿಗೆ ಒಂದು ಸಂದೇಹ ಹುಟ್ಟುವುದು ಸಹಜ. 3773ನ್ನು 48ರಿಂದ ಭಾಗಿಸಿದರೆ ನಿಮಿಷಕ್ಕೆ 78ಕ್ಕೂ ಹೆಚ್ಚು ಉಚ್ಛ್ವಾಸಗಳಾಗುತ್ತವೆ. ಅಷ್ಟು ವೇಗವಾಗಿ ಉಸಿರಾಡುವ ನಿರೋಗಿ ಎಲ್ಲಿದ್ದಾನೆ? ಆದರೆ ಅದು ಸ್ವಸ್ಥ ಮನುಷ್ಯನ ನಾಡಿಮಿಡಿತಕ್ಕೆ ಸರಿಹೊಂದುವ ಸಂಖ್ಯೆ. ಆದುದರಿಂದ ಇಲ್ಲಿಯ ಉಚ್ಛ್ವಾಸವನ್ನು ನಾಡಿಯ ಮಿಡಿತವೆಂದು ತಿಳಿಯುವವರಿದ್ದಾರೆ. ನನಗೂ ಅದು ಯುಕ್ತವಾಗಿ ಕಾಣುತ್ತದೆ. ಮೂಗಿನ ಉಸಿರಿನ ಲೆಕ್ಕವಾದರೆ ದಿನಕ್ಕೆ 21,600 ಎಂಬ ಯೋಗಶಾಸ್ತ್ರದ ಎಣಿಕೆ ಬೇರೆಯೇ ಇದೆ. ಅದರಂತೆ ನಿಮಿಷಕ್ಕೆ 15. ಈ ಭೇದವನ್ನು ನೆನಪಿನಲ್ಲಿಡಿರಿ. ಕಾಯೋತ್ಸರ್ಗದ ಮಾತು ಬಂದಾಗ ಬೇಕಾಗುತ್ತದೆ.

ಇನ್ನು ಯಂತ್ರದ ವಿಚಾರ. ಗಣಕಯಂತ್ರದೊಳಗೆ ಸ್ಫಟಿಕಶಿಲೆಯ ಸಣ್ಣದೊಂದು ತುಣುಕು ವಿದ್ಯುತ್ತಿನ ಪ್ರೇರಣೆಯಿಂದ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಇದು. ಆದುದರಿಂದ ಹದಿನೈದು ಸಲ ಅರ್ಧಿಸಿದರೆ ಸರಿಯಾಗಿ ಒಂದು ಸೆಕೆಂಡಿನ ಮಿಡಿತ ದೊರೆಯುತ್ತದೆ. ಕೈಗಡಿಯಾರದಲ್ಲಿರುವುದೂ ಇದೇ ಬಗೆಯ ತುಣುಕು. ಸಾಧಾರಣ ಸ್ಫಟಿಕವು ದಿನಕ್ಕೆ ಒಂದೆರಡು ಸೆಕೆಂಡು ಹಿಂದುಮುಂದಾಗಬಹುದು. ಹಾಗೆಂದರೆ 48 ನಿಮಿಷಗಳಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲೂ ತಪ್ಪುವುದಿಲ್ಲ. ಗುಂಡಿಯನ್ನು ಒತ್ತುವ ನಮ್ಮ ಬೆರಳೇ ಅದಕ್ಕಿಂತ ಹೆಚ್ಚು ತಡಮಾಡುತ್ತದೆ. ಹಿಂದಿನವರು ನೀರಿನಲ್ಲಿ ತೇಲಿಬಿಡುತ್ತಿದ್ದ ಗಳಿಗೆ ಬಟ್ಟಲಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಅನುಕೂಲ. ಪರದೆಯ ಮೇಲೆ ಓಡುವ ಕೊನೆಯ ಅಂಕಿಯನ್ನು ಕಂಡು ಬೆರಗಾಗಬೇಕಾಗಿಲ್ಲ. ಸಾಮಾನ್ಯ ಪರದೆಯು ಸೆಕೆಂಡಿಗೆ 60 ಸಲ ಮಾತ್ರ ಬದಲಾಗುವುದರಿಂದ ನೂರರ ಅಂಕಿಗಳೆಲ್ಲವೂ ಅಲ್ಲಿ ಮೂಡುವುದೇ ಇಲ್ಲ.

ಅಂತೂ ಕಾಲದ ಉದ್ದವನ್ನು ಯಂತ್ರ ಸರಿಯಾಗಿ ಅಳೆಯುತ್ತದೆ. ಆದರೆ ಅಳತೆಯನ್ನು ಎಲ್ಲಿಂದ ಆರಂಭಿಸಬೇಕು? ನಾನು ಎಡವಿದ್ದು ಇಲ್ಲಿಯೇ.

ತಿಕೋಟಾದಲ್ಲಿರುವ ನನ್ನ ಅಕ್ಕ ಅನೇಕ ವರ್ಷಗಳಿಂದ ಚತುರ್ದಶಿಯ ಉಪವಾಸವನ್ನು ನಿರ್ಜಲವಾಗಿ ನಡೆಸಿಕೊಂಡು ಬಂದವಳು. ಮರುದಿನ ಸೂರ್ಯೋದಯವಾಗಿ ಎರಡು ಗಳಿಗೆ ಕಳೆದ ಮೇಲೆಯೇ ಕಾಯಿಸಿದ ನೀರನ್ನು ಬಾಯಿಗೆ ಹಾಕುತ್ತಾಳೆ. ದಿನದ ಮೊದಲನೆಯ ಮತ್ತು ಕೊನೆಯ ಮುಹೂರ್ತಗಳನ್ನು ರಾತ್ರಿಭೋಜನತ್ಯಾಗಿಯು ಬಿಡಬೇಕೆಂದು ಆಶಾಧರಸೂರಿಗಳು ‘ಸಾಗಾರಧರ್ಮಾಮೃತ’ದಲ್ಲಿ ವಿಧಿಸಿದ್ದಾರಷ್ಟೆ. ಶ್ವೇತಾಂಬರ ಬಂಧುಗಳ ನವಕಾರಸಿಯೂ ಇದೇ 48 ನಿಮಿಷದ್ದು. ಒಂದು ಡಿಸೆಂಬರ್ ತಿಂಗಳ ಮೂರನೆಯ ವಾರದಲ್ಲಿ ನಾನು ಅವಳ ಮನೆಯಲ್ಲಿದ್ದೆನು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವಳ ಮೊಮ್ಮಗ ರಜೆಯಲ್ಲಿ ಬಂದಿದ್ದ. ತನ್ನ ಲ್ಯಾಪ್‌ಟಾಪಿನಲ್ಲಿ ಸೂರ್ಯೋದಯ ಸೂರ್ಯಾಸ್ತಗಳ ವೇಳೆಯನ್ನು ತೆಗೆದು, ಅಲ್ಲಿಂದ ಸ್ಟಾಪ್‌ವಾಚ್ ಓಡಿಸಿ, ಆಯಿಯ ಪಾರಣೆಯ ಸಮಯವನ್ನು ಕರಾರುವಾಕ್ಕಾಗಿ ಹೇಳುತ್ತೇನೆಂದ. ನನಗೂ ಉತ್ಸಾಹ. ಹಿಂದಿನ ಸಂಜೆ ಮಾಳಿಗೆಯ ಮೇಲೆ ನಿಂತು ಪರೀಕ್ಷಿಸಿದೆವು. ಯಂತ್ರ ಹೇಳಿದ ಸೂರ್ಯಾಸ್ತಕ್ಕೂ ಕಣ್ಣಿಗೆ ಕಂಡ ಸೂರ್ಯಾಸ್ತಕ್ಕೂ ಒಂದೆರಡು ನಿಮಿಷದ ಅಂತರವೂ ಇರಲಿಲ್ಲ. ಇನ್ನೇನು ಬೇಕು?

ಬೆಳಗ್ಗೆ ಮಂಜು ಮುಸುಕಿತ್ತು. ಸೂರ್ಯ ಕಾಣಲಿಲ್ಲ. 7 ಗಂಟೆ 25 ನಿಮಿಷಕ್ಕೆ ಹುಡುಗ “ಆಯಿ, ವ್ಯಾಳೆ ಆತು” ಎಂದ. ಅಕ್ಕ ಒಂದು ಕ್ಷಣ ನನ್ನ ಮುಖವನ್ನು ನೋಡಿದಳು. “ತಮ್ಮಾ, ಇನ್ನೂ ಹೊತ್ತು ಏರಿಲ್ಲ ಅನಸ್ತೈತಿ” ಎಂದಳು. ನಾನೇ “ಕುಡಿಯಕ್ಕಾ, ಲೆಕ್ಕ ಸರಿ ಐತಿ” ಎಂದೆನು. ಅವಳು ನೀರು ಕುಡಿದಳು. ಸ್ವಲ್ಪ ಹೊತ್ತಿನಲ್ಲಿ ಮಂಜು ಸರಿದು ಸೂರ್ಯ ಕಾಣಿಸಿದಾಗ ಅವನ ಎತ್ತರವನ್ನು ನೋಡಿ ನನಗೆ ಸಂದೇಹವಾಯಿತು. ಯಂತ್ರವನ್ನು ತೆಗೆದು ನೋಡಿದರೆ ಅದರಲ್ಲಿದ್ದ ಊರು ಬೆಂಗಳೂರು! ತಿಕೋಟಾದಲ್ಲಿ ಆ ದಿನದ ಸೂರ್ಯೋದಯ 6 ಗಂಟೆ 52 ನಿಮಿಷದ ಸುಮಾರಿಗೆ. ಬೆಂಗಳೂರಿನಲ್ಲಿ 6 ಗಂಟೆ 37 ನಿಮಿಷಕ್ಕೆ. ಅಕ್ಕನ ನೀರಿನ ವೇಳೆ 7 ಗಂಟೆ 40 ನಿಮಿಷವಾಗಬೇಕಾಗಿತ್ತು.

“ಅಜ್ಜಾ, ಸಂಜಿ ಮುಂದ ಸರಿ ಇತ್ತಲ್ಲ?” ಎಂದು ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಇದರ ಕಾರಣವನ್ನು ವಾಚಕರು ಗಮನವಿಟ್ಟು ತಿಳಿಯಬೇಕು. ಭೂಮಿಯು ನಾಲ್ಕು ನಿಮಿಷಕ್ಕೆ ಒಂದು ಅಂಶ ತಿರುಗುತ್ತದೆ. ವಿಜಯಪುರವು ಬೆಂಗಳೂರಿಗಿಂತ ಸುಮಾರು 1.9 ಅಂಶ ಪಶ್ಚಿಮಕ್ಕಿರುವುದರಿಂದ ಇಲ್ಲಿ ಉದಯವೂ ಅಸ್ತವೂ ಏಳೂವರೆ ನಿಮಿಷ ತಡ. ಜೊತೆಗೆ ನಾವು ಉತ್ತರಕ್ಕೂ ಸುಮಾರು 3.9 ಅಂಶ ಹೆಚ್ಚು ಇದ್ದೇವೆ. ಆ ಕಾರಣದಿಂದ ಡಿಸೆಂಬರಿನಲ್ಲಿ ನಮ್ಮ ಹಗಲು ಬೆಂಗಳೂರಿನ ಹಗಲಿಗಿಂತ ಚಿಕ್ಕದು. ಎರಡೂ ತುದಿಗಳಲ್ಲಿ ಏಳು ನಿಮಿಷದಷ್ಟು ಕಡಿಮೆ. ಬೆಳಗ್ಗೆ ಈ ಎರಡು ವ್ಯತ್ಯಾಸಗಳು ಕೂಡಿ 15 ನಿಮಿಷವಾಗುತ್ತವೆ; ಸಂಜೆ ಒಂದನ್ನೊಂದು ಅಳಿಸಿಹಾಕುತ್ತವೆ. ಜೂನ್ ತಿಂಗಳಿನಲ್ಲಿ ಇದು ತಿರುಗುಮುರುಗು: ಸೂರ್ಯೋದಯ ಎರಡೂ ಕಡೆ 5 ಗಂಟೆ 55 ನಿಮಿಷದ ಹೊತ್ತಿಗೆ, ಸೂರ್ಯಾಸ್ತ ಮಾತ್ರ ಬೆಂಗಳೂರಿನಲ್ಲಿ 6 ಗಂಟೆ 48ಕ್ಕೆ, ವಿಜಯಪುರದಲ್ಲಿ 7 ಗಂಟೆ 3ಕ್ಕೆ. ಸಂಜೆಯ ಪರೀಕ್ಷೆ ಬೆಳಗಿನ ವೇಳೆಗೆ ಪ್ರಮಾಣವಾಗದೆಂಬುದನ್ನು ನಲವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿದ ನಾನು ಮರೆತಿದ್ದೆನು.

ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ “ನನ್ನ ವ್ರತ ಕೆಟ್ಟತೇನಪಾ?” ಎಂದು ಕೇಳಿದಳು. ಶಾಸ್ತ್ರದಲ್ಲಿ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳೆಂದು ದೋಷದ ನಾಲ್ಕು ಮೆಟ್ಟಿಲುಗಳಿವೆ. ಬೇಕೆಂದು ವ್ರತವನ್ನು ಮುರಿಯುವುದು ಅನಾಚಾರ. ಅವಳದು ಅದಲ್ಲ, ತಮ್ಮನ ಮಾತನ್ನು ನಂಬಿ ಅರಿಯದೆ ಆದದ್ದು. ಇಷ್ಟನ್ನು ಹೇಳಿದೆನು. ಪ್ರಾಯಶ್ಚಿತ್ತವನ್ನು ವಿಧಿಸುವ ಅಧಿಕಾರ ಗುರುಗಳದೇ ಹೊರತು ನಿವೃತ್ತ ಮಾಸ್ತರನದಲ್ಲ. ಇಬ್ಬರೂ ಮುನಿಮಹಾರಾಜರ ಸನ್ನಿಧಿಗೆ ಹೋಗಿ ಆಲೋಚನೆ ಮಾಡಿದೆವು. ಅವಳಿಗಿಂತ ಹೆಚ್ಚಿನದು ನನಗೇ ದೊರೆಯಿತು. ಅದು ಸರಿಯೇ ಆಗಿತ್ತು.

ಆದುದರಿಂದ ಈ ಸಾಧನಗಳನ್ನು ಬಳಸುವವರು ಮೊದಲು ತಮ್ಮ ಊರನ್ನು ಅದರಲ್ಲಿ ನಮೂದಿಸಬೇಕು. ವಿಜಯಪುರದ ವೇಳೆಯನ್ನು ಸುತ್ತಲಿನ ಹಳ್ಳಿಗಳವರು ತೆಗೆದುಕೊಳ್ಳಬಹುದೇ? ನಮ್ಮ ಅಕ್ಷಾಂಶದಲ್ಲಿ ಒಂದು ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು ತಡವಾಗುತ್ತದೆ. ಅಥಣಿಯ ದಾರಿಯಲ್ಲಿ ಸುಮಾರು 20 ಕಿಲೋಮೀಟರ್ ದೂರದ ತಿಕೋಟಾಕ್ಕೆ ಮುಕ್ಕಾಲು ನಿಮಿಷ, ನೈಋತ್ಯಕ್ಕಿರುವ ಬಬಲೇಶ್ವರಕ್ಕೆ ಅರ್ಧ ನಿಮಿಷದ ಅಂತರ. ಬೆಳಗ್ಗೆ ಎರಡು ನಿಮಿಷ ಕೂಡಿಸಿ, ಸಂಜೆ ಎರಡು ನಿಮಿಷ ಕಳೆದರೆ ಈ ಅಂತರವೆಲ್ಲ ಅದರೊಳಗೆ ಅಡಗಿಹೋಗುತ್ತದೆ. ಮುಂಬಯಿಯ ಸೂರ್ಯೋದಯಕ್ಕೆ ಗಣಿಸಿದ ಪಂಚಾಂಗವನ್ನು ನಮ್ಮಲ್ಲಿ ಕೆಲವರು ಇಟ್ಟುಕೊಂಡಿರುತ್ತಾರೆ. ಮುಂಬಯಿಯು ರೇಖಾಂಶದಿಂದಲೇ ನಮಗಿಂತ 11 ನಿಮಿಷ ಹಿಂದು. ಅದರ ಸೂರ್ಯಾಸ್ತವನ್ನು ನೆಚ್ಚಿ ಇಲ್ಲಿ ಊಟಕ್ಕೆ ಕುಳಿತರೆ ಪ್ರಮಾದವಾಗುತ್ತದೆ.

ಸೂರ್ಯಾಸ್ತವೆಂದರೆ ಯಾವ ಕ್ಷಣ ಎಂಬುದೂ ತಿಳಿದಿರಬೇಕು. ಶಿಕ್ಷಕನಾಗಿದ್ದಾಗ ಬಬಲೇಶ್ವರದ ಕಡೆಯ ಎರೆಹೊಲದ ಬದುವಿನಲ್ಲಿ ಮಕ್ಕಳನ್ನು ನಿಲ್ಲಿಸಿ, ಆಟೋಟಗಳಿಗೆಂದು ಶಾಲೆಯಲ್ಲಿದ್ದ ಸ್ಟಾಪ್‌ವಾಚಿನಿಂದ ಇದನ್ನು ಅಳೆಯಿಸಿದ್ದೆನು. ಬಿಂಬದ ಕೆಳ ಅಂಚು ದಿಗಂತವನ್ನು ಮುಟ್ಟಿದಾಗಿನಿಂದ ಮೇಲಿನ ಅಂಚು ಮರೆಯಾಗುವವರೆಗೆ ಸುಮಾರು 2 ನಿಮಿಷ 15 ಸೆಕೆಂಡು ಹಿಡಿಯಿತು. ಪ್ರಕಟಿತ ವೇಳೆಗಳು ಮೇಲಿನ ಅಂಚಿಗೆ ಸಂಬಂಧಿಸಿದವು. ನಮ್ಮದು ಬಯಲುನಾಡು, ಗುಡ್ಡಗಳ ಅಡ್ಡಿಯಿಲ್ಲದ ಕಾರಣ ಯಾರು ಬೇಕಾದರೂ ಈ ಪರೀಕ್ಷೆ ಮಾಡಬಹುದು. ಮಧ್ಯಾಹ್ನ ಸಾಮಾಯಿಕ ಮಾಡುವವರಿಗೆ ಇನ್ನೊಂದು ಸೂಚನೆ: ವಿಜಯಪುರದಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು 12 ಗಂಟೆಗಲ್ಲ. ಸರಾಸರಿ 12 ಗಂಟೆ 27 ನಿಮಿಷಕ್ಕೆ. ನವೆಂಬರ್ ಆರಂಭದಲ್ಲಿ 12 ಗಂಟೆ 11ಕ್ಕೆ, ಫೆಬ್ರವರಿಯ ಎರಡನೆಯ ವಾರದಲ್ಲಿ 12 ಗಂಟೆ 41ಕ್ಕೆ.

ಸೋಸಿದ ನೀರಿನ ಮರ್ಯಾದೆಯೂ 48 ನಿಮಿಷ. ಅಷ್ಟರ ಮೇಲೆ ಮತ್ತೆ ಸೋಸಬೇಕು. ಕರೆದ ಹಾಲನ್ನು ಸೋಸಿ ಕಾಯಿಸುವುದಕ್ಕೂ ಅದೇ ಮಿತಿ. ಇದಕ್ಕೆ ಸ್ಟಾಪ್‌ವಾಚ್ ಬೇಕೆಂದು ನನಗೆ ಅನಿಸುವುದಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ವೇಳೆ ಬರೆದಿಟ್ಟರೆ ಸಾಕು.

ಕೊನೆಗೆ ಸಾಮಾಯಿಕ. ಇದರ ಕಾಲ ಜಘನ್ಯ ಎರಡು ಗಳಿಗೆ, ಮಧ್ಯಮ ನಾಲ್ಕು, ಉತ್ತಮ ಆರು. ಇಲ್ಲಿ ಉದ್ದದ ಅಳತೆಯೇ ಪ್ರಧಾನ. ಯಂತ್ರ ಉಪಯುಕ್ತವಾಗುವುದು ಇಲ್ಲಿಯೇ. ಆದರೂ ಸ್ಟಾಪ್‌ವಾಚ್ ಮೇಲ್ಮುಖವಾಗಿ ಎಣಿಸುತ್ತದೆ, ತಾನಾಗಿ ಏನನ್ನೂ ಹೇಳುವುದಿಲ್ಲ. ನೋಡಿದರೆ ಮಾತ್ರ ತಿಳಿಯುತ್ತದೆ. ತತ್ತ್ವಾರ್ಥಸೂತ್ರವು ಸಾಮಾಯಿಕಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮನಸ್ಸು, ಮಾತು, ಕಾಯಗಳ ದುಷ್ಪ್ರಣಿಧಾನ ಮೂರು, ಅನಾದರ, ಮತ್ತು ಏಕಾಗ್ರತೆ ತಪ್ಪುವ ಸ್ಮೃತ್ಯನುಪಸ್ಥಾನ. ಎಷ್ಟಾಯಿತೆಂದು ಪರದೆಯನ್ನು ಇಣುಕುವವನಿಗೆ ಇವುಗಳಲ್ಲಿ ಎಷ್ಟು ತಗಲುತ್ತವೆ ಎಂಬುದನ್ನು ಅವನೇ ಎಣಿಸಿಕೊಳ್ಳಲಿ. ಆದುದರಿಂದ ಅದೇ ತಂತ್ರಾಂಶದಲ್ಲಿ ಇಳಿಯೆಣಿಕೆ ಮಾಡಿ ಗಂಟೆ ಬಾರಿಸುವ ಟೈಮರ್ ಎಂಬ ಭಾಗವನ್ನು ಬಳಸುವುದು ಮೇಲು. ಗಣಕಯಂತ್ರ ನಿದ್ರಾವಸ್ಥೆಗೆ ಹೋದರೆ ಗಂಟೆ ಬಾರಿಸದು; ಅದನ್ನು ಮೊದಲೇ ತಪ್ಪಿಸಿರಬೇಕು. ಅಂತರ್ಜಾಲದ ಪುಟಗಳಲ್ಲಿರುವ ಸ್ಟಾಪ್‌ವಾಚುಗಳನ್ನು ಬಳಸುವವರು, ಬೇರೆ ಪುಟ ತೆರೆದಾಗ ಬ್ರೌಸರ್ ಹಿಂದಿನದರ ಕೆಲಸವನ್ನು ನಿಧಾನಿಸುತ್ತದೆಂಬುದನ್ನು ಅರಿತಿರಬೇಕು. ಆರಂಭದ ವೇಳೆಯನ್ನು ಕಳೆದು ತೋರಿಸುವ ತಂತ್ರಾಂಶ ಇದರಿಂದ ಕೆಡುವುದಿಲ್ಲ. ಒಂದೊಂದೇ ಮಿಡಿತವನ್ನು ಎಣಿಸುವಂಥದು ಹಿಂದೆ ಬೀಳುತ್ತದೆ. ಒಮ್ಮೆ ಕೈಗಡಿಯಾರದೊಡನೆ 48 ನಿಮಿಷ ಓಡಿಸಿ ನೋಡಿದರೆ ಗುಣ ತಿಳಿಯುತ್ತದೆ.

ಸ್ಟಾಪ್‌ವಾಚ್ ನನಗೆ ನಿಜವಾಗಿ ಉಪಕಾರ ಮಾಡಿದ್ದು ಕಾಯೋತ್ಸರ್ಗದಲ್ಲಿ. ಒಂದು ಣಮೋಕಾರಕ್ಕೆ ಮೂರು ಉಸಿರು, ಒಂಬತ್ತಕ್ಕೆ 27 ಎಂಬುದು ನಿಯಮ. ಹಿಂದೆ ಹೇಳಿದ 15ರ ಲೆಕ್ಕದಲ್ಲಿ ಇದಕ್ಕೆ 1 ನಿಮಿಷ 48 ಸೆಕೆಂಡು ಬೇಕು. ಒಂದು ದಿನ ಮೊಮ್ಮಗನ ಕೈಗೆ ಯಂತ್ರ ಕೊಟ್ಟು, ನನಗೆ ತೋರಿಸದೆ ಅಳೆ ಎಂದೆನು. ಬಂದದ್ದು 52 ಸೆಕೆಂಡು! ಎಷ್ಟೋ ವರ್ಷಗಳಿಂದ ಮೂರು ಉಸಿರಿನದನ್ನು ಒಂದೂವರೆ ಉಸಿರಿನಲ್ಲಿ ಮುಗಿಸುತ್ತ ಬಂದಿದ್ದೆನು. ಅಂದಿನಿಂದ ಉಸಿರನ್ನು ಯಂತ್ರಕ್ಕೆ ಹೊಂದಿಸಲು ಹೋಗಲಿಲ್ಲ; ಮಂತ್ರವನ್ನು ಉಸಿರಿಗೆ ಹೊಂದಿಸಿದೆನು. ಎರಡು ತಿಂಗಳ ಮೇಲೆ ಮತ್ತೊಮ್ಮೆ ಅಳೆಯಿಸಿದಾಗ 2 ನಿಮಿಷ ದಾಟಿತ್ತು. ಮತ್ತೆ ಅಳೆಯಿಸಲಿಲ್ಲ.

ವಿದ್ಯುತ್ ಉಪಕರಣವನ್ನು ಸಾಮಾಯಿಕದಲ್ಲಿ ಮುಟ್ಟುವುದು ತೇಜಸ್ಕಾಯ ಜೀವಗಳ ವಿರಾಧನೆಯೆಂದು ಎಣಿಸಿ 48 ನಿಮಿಷದ ಮರಳುಗಡಿಯಾರವನ್ನೇ ಇಟ್ಟುಕೊಳ್ಳುವವರು ಅದನ್ನೇ ಮುಂದುವರಿಸಲಿ. ಅವರಿಗೆ ಈ ಲೇಖನದಿಂದ ಕಳೆದುಕೊಳ್ಳುವುದೇನೂ ಇಲ್ಲ. ಯಂತ್ರ ಬಳಸುವವರು ಪ್ರತಿಜ್ಞೆ ತೆಗೆದುಕೊಳ್ಳುವ ಮೊದಲೇ ಗುಂಡಿ ಒತ್ತಿ, ಅದನ್ನು ಪಕ್ಕದ ಕೋಣೆಯಲ್ಲಿ ಪರದೆ ಗೋಡೆಯ ಕಡೆಗೆ ಬರುವಂತೆ ಇಡಬೇಕು. ಒತ್ತಲು ಮತ್ತು ಆಸನಕ್ಕೆ ಬಂದು ಕೂಡಲು ಹಿಡಿಯುವ ಹೊತ್ತಿಗಾಗಿ 48ರ ಬದಲು 50 ನಿಮಿಷವೆಂದು ನಮೂದಿಸಿಕೊಳ್ಳಿರಿ. ಗಂಟೆ ಬಾರಿಸಿದಾಗ ನಡೆಯುತ್ತಿರುವ ಪಾಠವನ್ನು ಅರ್ಧಕ್ಕೆ ಬಿಡದೆ ಮುಗಿಸಿ, ಆಮೇಲೆ ಏಳಿರಿ.