ಅರಳುಮರಳೋ, ಸನ್ನಿಯೋ?

78 ವರ್ಷ ವಯಸ್ಸಿನ ವೃದ್ಧರೊಬ್ಬರು ಕಾಲುಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂದು ಭಾವಿಸೋಣ. ಅಂದಿನವರೆಗೂ ಮನೆಯ ಲೆಕ್ಕಪತ್ರವನ್ನು ತಾವೇ ಬರೆಯುತ್ತಿದ್ದವರು ಅವರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನೆರವೇರಿತು. ಆದರೆ ಎರಡನೆಯ ರಾತ್ರಿ ಅವರು ಮಗನನ್ನು ಗುರುತಿಸದೆ, ಎಂದೋ ತೀರಿಕೊಂಡ ಅಣ್ಣನನ್ನು ಕೂಗಿ ಕರೆಯುತ್ತಾರೆ. ಹೊದಿಕೆಯ ಅಂಚನ್ನು ಬೆರಳುಗಳಿಂದ ಕೀಳುತ್ತಾರೆ. ಗೋಡೆಯ ಮೇಲೆ ಇರುವೆ ಹರಿಯುತ್ತಿವೆಯೆನ್ನುತ್ತಾರೆ. ಬೆಳಗಾಗುವ ಹೊತ್ತಿಗೆ ಬುದ್ಧಿ ತಿಳಿಯಾಗಿ, ಸಂಜೆಗೆ ಮತ್ತೆ ಕದಡುತ್ತದೆ. ನೋಡಲು ಬಂದ ನೆಂಟರು, “ಅರವತ್ತಕ್ಕೆ ಅರಳುಮರಳು, ಇವರಿಗಂತೂ ಎಂಬತ್ತು ಸಮೀಪಿಸಿತು” ಎಂದು ಸಮಾಧಾನ ಹೇಳಿ ಹೋಗುತ್ತಾರೆ. ಈ ಸಮಾಧಾನವೇ ಅಪಾಯಕರವಾದುದು.

ಈ ಸ್ಥಿತಿಗೆ ನಮ್ಮ ನುಡಿಯಲ್ಲಿ ಬೇರೆ ಹೆಸರೇ ಉಂಟು: ಸನ್ನಿ. ಆಧುನಿಕ ವೈದ್ಯರು ಡೆಲಿರಿಯಂ ಎನ್ನುವುದು ಇದನ್ನೇ. ಅರಳುಮರಳು ವರ್ಷಗಟ್ಟಲೆ ತೆವಳಿಕೊಂಡು ಬರುತ್ತದೆ. ಸನ್ನಿ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಬಂದೆರಗುತ್ತದೆ. ಅಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ನೆನಪು, ಇಲ್ಲಿ ಅವಧಾನ. ಶನಿವಾರದಿಂದ ಹಿಂದುಹಿಂದಕ್ಕೆ ವಾರದ ಹೆಸರುಗಳನ್ನು ಹೇಳಿರೆಂದರೆ, ಸನ್ನಿ ಹಿಡಿದವರು ಗುರುವಾರಕ್ಕೆ ಬರುವಷ್ಟರಲ್ಲಿ ಎಳೆ ಕಳೆದುಕೊಳ್ಳಬಹುದು. ಕೂಗಾಟವಿಲ್ಲದ ಸನ್ನಿಯೂ ಉಂಟು. ರೋಗಿ ಮಂಕಾಗಿ ಸುಮ್ಮನೆ ಮಲಗಿರುತ್ತಾನೆ; ವಿಶ್ರಾಂತಿಯೆಂದು ಎಲ್ಲರೂ ಭಾವಿಸುತ್ತಾರೆ. ಹೆಚ್ಚಾಗಿ ಕಣ್ತಪ್ಪಿಹೋಗುವುದು ಇದೇ.

ಭೌತವಿಜ್ಞಾನವನ್ನು ಬೋಧಿಸುವ ನಮ್ಮನ್ನು ಈ ವಿಷಯದತ್ತ ಸೆಳೆದುದು ಮಿದುಳಿನ ವಿದ್ಯುತ್ತರಂಗಗಳು. ಇವನ್ನು ನೆತ್ತಿಯ ಮೇಲಿಂದಲೇ ದಾಖಲಿಸಬಹುದೆಂದು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದನು. ಇವುಗಳ ವಿಭವ ವೋಲ್ಟಿನ ಕೆಲವೇ ಲಕ್ಷಾಂಶಗಳಷ್ಟು. ಎಚ್ಚರವಾಗಿದ್ದು ಕಣ್ಣು ಮುಚ್ಚಿಕೊಂಡಿರುವ ವಯಸ್ಕರಲ್ಲಿ, ತಲೆಯ ಹಿಂಭಾಗದಲ್ಲಿ, ಸೆಕೆಂಡಿಗೆ 8ರಿಂದ 13 ಆಂದೋಲನಗಳು ಕಾಣುತ್ತವೆ. ಅಮೆರಿಕದ ಜಾರ್ಜ್ ಎಂಗೆಲ್ ಮತ್ತು ಜಾನ್ ರೊಮಾನೊ ಎಂಬ ವೈದ್ಯರು 1940ರ ದಶಕದಲ್ಲಿ ಸನ್ನಿಯ ರೋಗಿಗಳನ್ನು ಪರೀಕ್ಷಿಸಿದಾಗ ಈ ಆವರ್ತಾಂಕ ಕುಗ್ಗಿರುವುದು ಕಂಡಿತು. ಪ್ರಜ್ಞೆ ಮಸುಕಾದಷ್ಟೂ ಅಲೆಗಳು ನಿಧಾನ. ರೋಗಿ ಚೇತರಿಸಿಕೊಂಡಂತೆ ಅಲೆಗಳೂ ಚುರುಕು. (ಕುಡಿತವನ್ನು ಥಟ್ಟನೆ ಬಿಟ್ಟವರ ಸನ್ನಿ ಇದಕ್ಕೆ ಅಪವಾದ.) ಹೃದಯ ಸೋಲುವಂತೆ ಮಿದುಳೂ ತಾತ್ಕಾಲಿಕವಾಗಿ ಸೋಲಬಲ್ಲುದೆಂದು ಅವರು 1959ರ ಲೇಖನದಲ್ಲಿ ವಾದಿಸಿದರು.

ವೃದ್ಧರಿಗೇ ಏಕೆ ಹೆಚ್ಚು? ಹಳೆಯ ಬ್ಯಾಟರಿ ಸೆಲ್ಲೊಂದನ್ನು ವೋಲ್ಟ್‌ಮಾಪಕಕ್ಕೆ ಜೋಡಿಸಿದರೆ ಅದು ಹೊಸದರಷ್ಟೇ ವಿಭವವನ್ನು ತೋರಿಸೀತು. ಪ್ರಬಲವಾದ ದೀಪವೊಂದನ್ನು ಜೋಡಿಸಿದೊಡನೆ ಅದರ ಬಣ್ಣ ಬಯಲಾಗುತ್ತದೆ. ಅಂತರ್ನಿರೋಧ ಹೆಚ್ಚಿರುವುದರಿಂದ ವಿಭವ ಕುಸಿಯುತ್ತದೆ. ಇದು ಉಪಮಾನ ಮಾತ್ರ, ಆದರೂ ದಾರಿ ತಪ್ಪಿಸುವಂಥದಲ್ಲ. ಆಸ್ಪತ್ರೆಯಲ್ಲಿ ಮಿದುಳಿನ ಮೇಲೆ ಬೀಳುವ ಹೊರೆಗಳು ಹಲವು: ಸೋಂಕು, ನೋವು, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿಕೆ, ಮೂತ್ರ ಕಟ್ಟುವುದು, ನಿದ್ರಾಭಂಗ. ಔಷಧಗಳೂ ಸೇರುತ್ತವೆ. ಉಮ್ಮತ್ತಿ ಗಿಡಕ್ಕೆ ಆ ಹೆಸರು ಬಂದುದು ‘ಉನ್ಮತ್ತ’ ಶಬ್ದದಿಂದ. ಅದರಲ್ಲಿರುವ ಅಟ್ರೊಪೀನ್ ಮಿದುಳಿನ ಅಸಿಟೈಲ್‌ಕೋಲೀನ್ ಎಂಬ ರಸಾಯನಿಕದ ಕೆಲಸವನ್ನು ತಡೆದು ಸನ್ನಿ ತರುತ್ತದೆ. ನೆಗಡಿಗೂ ತುರಿಕೆಗೂ ಕೊಡುವ ಕೆಲವು ಹಳೆಯ ಮಾತ್ರೆಗಳು ಮಾಡುವುದೂ ಸ್ವಲ್ಪಮಟ್ಟಿಗೆ ಇದನ್ನೇ. ಸನ್ನಿಪಾತವೆಂದರೆ ಹಲವು ಕೂಡಿ ಬೀಳುವುದು. ಪ್ರಾಚೀನರು ಎಣಿಸಿದ ಕಾರಣಗಳು ಬೇರೆಯಾದರೂ ಹೆಸರು ಮಾತ್ರ ಇಂದಿಗೂ ಒಪ್ಪುತ್ತದೆ.

ಹೊರೆಗಳನ್ನು ಮುಂಚೆಯೇ ಇಳಿಸಿದರೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಷರನ್ ಇನೊಯೆ ಮತ್ತು ಸಂಗಡಿಗರು, 70 ವರ್ಷ ದಾಟಿದ 852 ರೋಗಿಗಳನ್ನು ಕುರಿತು 1999ರಲ್ಲಿ ವರದಿ ಮಾಡಿದರು. ಅರ್ಧ ಮಂದಿಗೆ ಎಂದಿನ ಆರೈಕೆ. ಉಳಿದವರಿಗೆ ಅದರೊಡನೆ ಇನ್ನೂ ಕೆಲವು: ದಿನ, ಸ್ಥಳಗಳನ್ನು ನೆನಪಿಸುವ ಮಾತುಕತೆ, ನಡೆದಾಡಿಸುವುದು, ಕನ್ನಡಕ ಮತ್ತು ಶ್ರವಣಸಾಧನ, ಸಾಕಷ್ಟು ನೀರು, ನಿದ್ರೆಯ ಮಾತ್ರೆಯ ಬದಲು ಬಿಸಿ ಹಾಲು. ಮೊದಲ ಗುಂಪಿನಲ್ಲಿ ಶೇಕಡ 15 ಮಂದಿಗೆ ಸನ್ನಿಯಾಯಿತು. ಎರಡನೆಯದರಲ್ಲಿ ಶೇಕಡ 9.9. ಆದರೆ ಒಮ್ಮೆ ಸನ್ನಿ ಹಿಡಿದ ಬಳಿಕ ಅದರ ತೀವ್ರತೆಯಲ್ಲಿ ಎರಡು ಗುಂಪುಗಳಿಗೂ ಗಮನಾರ್ಹವಾದ ಅಂತರವಿರಲಿಲ್ಲ.

ಸನ್ನಿ ಇಳಿದ ಮೇಲೆ ಎಲ್ಲವೂ ಮೊದಲಿನಂತಾಗುವುದೆಂಬ ಭರವಸೆಯೂ ಇಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾದ 225 ಮಂದಿಯನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳಾದರೂ ಹಿಂದಿನ ಬುದ್ಧಿಮಟ್ಟಕ್ಕೆ ಮರಳದಿದ್ದವರು ಸನ್ನಿಯಾದವರಲ್ಲಿ ಶೇಕಡ 40, ಆಗದವರಲ್ಲಿ ಶೇಕಡ 24.

ನಮ್ಮ ವೃದ್ಧರ ವೈದ್ಯರು ಅವರನ್ನು ನೋಡುತ್ತಿರುವುದು ಇದೇ ಮೊದಲು. ಮೊನ್ನೆಯವರೆಗೆ ಅವರು ಲೆಕ್ಕ ಬರೆಯುತ್ತಿದ್ದರೆಂಬುದು ಯಾವ ಯಂತ್ರದಲ್ಲಿಯೂ ಕಾಣದು. ಹಾಸಿಗೆಯ ಬಳಿ ಕುಳಿತ ಮಗನೋ ಮೊಮ್ಮಗಳೋ, “ಇವರು ಹೀಗಿರಲಿಲ್ಲ, ನಿನ್ನೆ ರಾತ್ರಿಯಿಂದ ಹೀಗಾಗಿದ್ದಾರೆ” ಎಂದು ಹೇಳಿದರೆ ಮಾತ್ರ ಅವರಿಗೆ ತಿಳಿಯುತ್ತದೆ.